ಒಂದು ಕಾಳು ಕಡಿಮೆ

"ಲೇಯ್, ಮೂಗು ನೆಟ್ಟಗೆ ಕೆತ್ತೋ ಬೇವರ್ಸಿ! ಟಂಕಸಾಲೆ ಸೇರ್ತಿರೋನು ನನ್ ಮಗ, ನಿಮ್ಮಪ್ಪ ಅಲ್ಲ."

ಧಣಿ ಮುನಿರಾಜನ ಎಂಜಲು ಉಕ್ಕಿನ ಅಚ್ಚಿನ ಮೇಲೆ ಸಿಡಿಯಿತು. ಶಿವಪುತ್ರ ಅದನ್ನು ತೋಳಿನಿಂದ ಒರೆಸಿ ಮತ್ತೆ ಭೂತಗನ್ನಡಿಗೆ ಕಣ್ಣಿಟ್ಟ. ಹಲಸೂರಿನ ಈ ಪದಕದ ಕಾರ್ಖಾನೆಯಲ್ಲಿ ಉಕ್ಕಿನ ಮೇಲೆ ಮುಖ ಮೂಡಿಸಲು ಬರುತ್ತಿದ್ದುದು ಅವನೊಬ್ಬನಿಗೇ. ಧಣಿಯ ಮಗ ಲಿಖಿತ್‌ಗೆ ಟಂಕಸಾಲೆಯಲ್ಲಿ ನಾಣ್ಯದ ಅಚ್ಚು ಕೆತ್ತುವ ನೌಕರಿ ಸಿಕ್ಕಿತ್ತು. ನಾಡಿದ್ದು ಸನ್ಮಾನ, ಬಂದವರಿಗೆಲ್ಲ ಅವನ ಮುಖದ ಪದಕ.

ಅದೇ ನೌಕರಿಗೆ ಶಿವಪುತ್ರನೂ ಮಾದರಿ ಕಳಿಸಿದ್ದ. ಆರು ತಿಂಗಳು ಕೂತು ಕೆತ್ತಿದ ಜೋಳದ ತೆನೆ. "ನಿನ್ ಅರ್ಜಿ ನಾನೇ ಹಾಕ್ತೀನಿ ಕಣೋ" ಎಂದು ಇಸಿದುಕೊಂಡವನು ಮುನಿರಾಜ. "ವಾಪಸ್ ಬಂತು" ಎಂದವನೂ ಅವನೇ. ಆ ನೌಕರಿಯ ವಯಸ್ಸಿನ ಮಿತಿ ಶಿವಪುತ್ರನಿಗೆ ಈ ವರ್ಷಕ್ಕೆ ಮುಗಿಯುತ್ತಿತ್ತು.

"ಪದಕದ ಅಕ್ಷರ ಇದ್ರಲ್ಲಿ ಇದ್ದಂಗೇ ಬರ್ಲಿ," ಎಂದು ಮುನಿರಾಜ ಸನ್ಮಾನದ ಆಮಂತ್ರಣ ಎಸೆದ.

ಆಮಂತ್ರಣದಲ್ಲಿ ಲಿಖಿತ್‌ನ ಫೋಟೊ. ಕೈಯಲ್ಲಿ ಆಯ್ಕೆಯಾದ ಮಾದರಿ. ಜೋಳದ ತೆನೆ! ಶಿವಪುತ್ರ ಭೂತಗನ್ನಡಿ ಹಿಡಿದ. ಮೂರನೆಯ ಸಾಲಿನಲ್ಲಿ ಒಂದು ಕಾಳಿನ ಜಾಗ ಖಾಲಿ.

ಅವನಿಗೆ ಕೆತ್ತನೆ ಕಲಿಸಿದ ಶಿವಾಜಿನಗರದ ಇನಾಯತ್ ಉಲ್ಲಾ ಉಸ್ತಾದರು ಉಳಿಯ ಜೊತೆ ಎರಡು ಬುದ್ಧಿಮಾತನ್ನೂ ಕೊಟ್ಟಿದ್ದರು. ಅಚ್ಚಿನಲ್ಲಿ ನಮ್ಮ ಹೆಸರಿಗೆ ಜಾಗವಿಲ್ಲ, ನಮಗಷ್ಟೇ ಕಾಣುವ ಗುರುತು ಬಿಡು. ಕೆಲಸ ಮುಗಿದ ಅಚ್ಚನ್ನು ಜೀವಂತ ಬಿಡಬೇಡ, ಮುಖದ ಮೇಲೆ ಉಳಿ ಹೊಡೆದು ಕೊಲ್ಲು. ಇಲ್ಲದಿದ್ದರೆ ಇನ್ನೊಬ್ಬ ಒತ್ತಿಕೊಳ್ಳುತ್ತಾನೆ.

"ಯಜಮಾನ್ರ, ಈ ತೆನಿ ನಂದದರಿ. ಒಂದ್ ಕಾಳ ಬಿಟ್ಟೀನಿ ನೋಡ್ರಿ, ಅದೇ ನನ್ನ ಗುರ್ತು."

"ಕಾಳಂತೆ ಕಾಳು! ಉಕ್ಕು ನಂದು, ಕರೆಂಟು ನಂದು. ಬೈಯಪ್ಪನಹಳ್ಳಿ ರೂಮಲ್ಲಿ ಆರ್ ಜನದ ಮಧ್ಯೆ ಮಲಗೋನಿಗೆ ಟಂಕಸಾಲೆ ಬೇಕಾ?"

"ಹನ್ನೊಂದು ವರ್ಷ ನಿಮ್ಮನ್ನ ನಂಬೀನಲ್ರೀ..." ಶಿವಪುತ್ರ ಫೋಟೊದ ಮೇಲೆ ಬೆರಳಿಟ್ಟ. "ಅಲ್ಲಿ ಕೂತು ಕೆತ್ತು ಅಂದ್ರ ಲಿಖಿತಣ್ಣ ಏನ್ ಮಾಡ್ತಾನ್ರೀ?"

"ಅದಕ್ಕೇ ನೀನಿದೀಯಲ್ಲೋ, ಗುರು!" ಮುನಿರಾಜ ನಕ್ಕು ಅವನ ಬೆನ್ನು ತಟ್ಟಿದ. "ಮಾದರಿ ನೀನ್ ಮಾಡ್ಕೊಡು, ಅವ್ನು ತಗೊಂಡೋಗ್ತಾನೆ. ಈಗ ಹೇಳು, ಇದು ಮುಗೀತಾ?"

ಶಿವಪುತ್ರ ಅಚ್ಚನ್ನು ನೋಡಿದ. ಮೂಗು ನೆಟ್ಟಗಿತ್ತು.

"ಮುಗೀತ್ರಿ."

ಅವನು ಅಗಲ ಬಾಯಿಯ ಉಳಿಯನ್ನು ಎತ್ತಿಕೊಂಡು ಆ ಮೂಗಿನ ಮೇಲೆ ಅಡ್ಡಲಾಗಿ ಇಟ್ಟ. ಇನ್ನೂ ಹದ ಹಾಕದ ಉಕ್ಕು ಮೆತ್ತಗಿತ್ತು. ಸುತ್ತಿಗೆಯ ಒಂದೇ ಏಟಿಗೆ ಉಳಿ ಕೆನ್ನೆಯಿಂದ ಕೆನ್ನೆಗೆ ಇಳಿಯಿತು.