ಸೊಸೆಯ ಹೆಸರಿನಲ್ಲಿ ಹದಿನೈದು ದಿನ

ಹಾಳೆಯ ತುಂಬ ರೈಟ್ ಗುರುತು. ಹದಿನೈದು ದಿನ, ದಿನಕ್ಕೆ ನಾಲ್ಕು, ಒಂದೂ ತಪ್ಪಿರಲಿಲ್ಲ. ತಾಲ್ಲೂಕು ಆಸ್ಪತ್ರೆಯ ಆಪ್ತಸಮಾಲೋಚಕಿ ರಂಜನಾ ಆ ಹಾಳೆಯನ್ನು ನೋಡಿದಳು, ಎದುರಿಗೆ ಕುರ್ಚಿಯಲ್ಲಿ ಮುದುಡಿ ಕೂತ ಶೈಲಾಳನ್ನು ನೋಡಿದಳು. ಎರಡಕ್ಕೂ ತಾಳೆಯಾಗಲಿಲ್ಲ. ಹುಡುಗಿ ಹೋದ ಸಲಕ್ಕಿಂತ ಇಳಿದುಹೋಗಿದ್ದಳು. ತಲೆ ಬಾಚಿ ಎಷ್ಟು ದಿನವಾಗಿತ್ತೋ.

"ಇವನ್ನೆಲ್ಲಾ ನೀವ ಮಾಡೀರೇನ್ರಿ, ಶೈಲಾ?"

ಶೈಲಾ ನೆಲ ನೋಡಿದಳು. ಪಕ್ಕದಲ್ಲಿದ್ದ ಅತ್ತೆ ರೇವವ್ವನಿಗೆ ತಡೆಯಲಾಗಲಿಲ್ಲ.

"ಅಕಿ ಎಲ್ಲಿ ಮಾಡ್ತಾಳ್ರಿ ಅಕ್ಕಾರ? ಹಾಸಗಿ ಬಿಟ್ಟು ಏಳಾಕ ಆಗೂದಿಲ್ಲ ಅಕಿಗೆ. ಅಕಿ ಹೆಸರಲೆ ನಾನ ಮಾಡೀನಿ. ಒಂದು ದಿನಾನೂ ತಪ್ಪಿಸಿಲ್ಲ."

ರಂಜನಾಳ ಕೈಯಲ್ಲಿದ್ದ ಪೆನ್ನು ಹಾಗೆಯೇ ನಿಂತಿತು.

ಅವಳ ಮುಖ ನೋಡಿ ರೇವವ್ವನಿಗೆ ಗಾಬರಿಯಾಯಿತು. ತಾನು ಮಾಡಿದ್ದರಲ್ಲಿ ತಪ್ಪೇನು? ಮಗ ಗೌರೀಶನಿಗೆ ಆರನೇ ವಯಸ್ಸಿನಲ್ಲಿ ಟೈಫಾಯ್ಡ್ ಬಂದಾಗ ಅವನ ಹೆಸರಿನಲ್ಲಿ ಐದು ಸೋಮವಾರ ನೀರೂ ಮುಟ್ಟದೆ ಇದ್ದವಳು ಇವಳೇ. ಉಪವಾಸ ಬಿದ್ದದ್ದು ತಾಯಿ, ಜ್ವರ ಬಿಟ್ಟದ್ದು ಮಗನಿಗೆ. ತಮ್ಮೂರು ಸಂಶಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಜಡ್ಡಾದವರಿಂದ ಆಗದಿದ್ದರೆ ಮನೆಯವರು ಮಾಡಬೇಕು.

ಈಗ ಏಳು ತಿಂಗಳಿಂದ ಸೊಸೆಗೆ ಮನಸ್ಸಿನ ಜಡ್ಡು. ಉಣ್ಣಳು, ಮಾತಾಡಳು, ಯಾಕೆಂದು ಕೇಳಿದರೆ ತನಗೂ ತಿಳಿಯದೆಂದು ಅಳುತ್ತಾಳೆ. ಹೋದ ಸಲ ಈ ಅಕ್ಕಾರು ಗುಳಿಗೆಯ ಜೊತೆಗೆ ಒಂದು ಹಾಳೆಯನ್ನೂ ಕೊಟ್ಟಿದ್ದರು. ಬೆಳಿಗ್ಗೆ ಬಸವಣ್ಣನ ಗುಡಿಯ ತನಕ ನಡೆದು ಬರುವುದು, ಒಂದು ರೊಟ್ಟಿ ಬಡಿಯುವುದು, ಪಕ್ಕದ ಮನೆಯ ರಾಜಮಾಬಿಯ ಕಟ್ಟೆಯ ಮೇಲೆ ಹತ್ತು ನಿಮಿಷ ಮಾತು, ಸಂಜೆ ಒಂದು ಹಾಡು. ಮಾಡಿದ್ದಕ್ಕೆಲ್ಲ ಗುರುತು. ಮೊದಲ ದಿನ ಶೈಲಾ ಎದ್ದು ಕೂತಳು, ಮತ್ತೆ ಮಲಗಿದಳು. ಹಾಳೆಯಲ್ಲಿ ಗುಡಿಯ ಹೆಸರಿದೆ, ಇಷ್ಟು ದಿನ ಎಂದೂ ಇದೆ, ಇದು ವ್ರತವಲ್ಲದೆ ಮತ್ತೇನು? ರೇವವ್ವ ಹಾಳೆಗೆ ವಿಭೂತಿ ಹಚ್ಚಿ, ಸೆರಗು ಕಟ್ಟಿ ಹೊರಟೇಬಿಟ್ಟಳು. ಗಂಡ ತೀರಿಕೊಂಡ ಮೂರು ವರ್ಷದಲ್ಲಿ ಒಮ್ಮೆಯೂ ಆ ಗುಡಿಯ ದಾರಿ ತುಳಿದಿರದ ಮುದುಕಿ! ರೊಟ್ಟಿಯನ್ನೂ ಬಡಿದಳು, ರಾಜಮಾಬಿಯ ತಲೆಯನ್ನೂ ತಿಂದಳು.

"ಇದು ಹರಕಿ ಅಲ್ರೀ, ಅಮ್ಮಾರ," ಎಂದಳು ರಂಜನಾ, ದನಿ ತಗ್ಗಿಸಿ. "ಔಷಧ. ಮನಸ್ಸು ಬರಲಿ, ಆಮ್ಯಾಲೆ ಏಳ್ತೀನಿ ಅಂದ್ರ ಈ ಜಡ್ಡಿನ್ಯಾಗ ಮನಸ್ಸು ಬರೂದಿಲ್ಲ. ಮೊದಲ ಏಳಬೇಕು, ಒಂಚೂರರ ಮಾಡಬೇಕು, ಮನಸ್ಸು ಹಿಂದಿಂದ ಬರತೈತಿ. ಅಕಿ ಗುಳಗಿ ನೀವು ನುಂಗಿದ್ರ ಅಕಿ ಹೆಂಗ ಆರಾಮ ಆಗ್ತಾಳ?"

ರೇವವ್ವ ಸೊಸೆಯ ಕಡೆ ತಿರುಗಿದಳು.

"ನಿಮಗ ಈಗ ನಿದ್ದಿ ಹೆಂಗ ಬರತೈತ್ರಿ?" ರಂಜನಾ ಅವಳನ್ನೇ ಕೇಳಿದಳು.

ಎಂಥ ಪ್ರಶ್ನೆ! ಆದರೆ ಉತ್ತರ ಹುಡುಕಹೋದವಳು ಬೆಚ್ಚಿಬಿದ್ದಳು. ಮೂರು ವರ್ಷ ಮಲಗಿದಲ್ಲೇ ಮನೆಯ ಮಾಡು ನೋಡುತ್ತ ಬೆಳಗು ಮಾಡಿದವಳಿಗೆ ಈಗ ತಲೆ ಊರಿದ ಕೂಡಲೇ ಗೊರಕೆ. ಮೊನ್ನೆ ರೊಟ್ಟಿಗೆ ಪುಂಡಿಪಲ್ಯ ಬೇಕೆನಿಸಿತ್ತು. ನಿನ್ನೆ ರಾಜಮಾಬಿ ಏನೋ ಅಂದಳೆಂದು ಹೊಟ್ಟೆ ಹಿಡಿದು ನಕ್ಕಿದ್ದಳು. ತನಗೂ ಜಡ್ಡಿತ್ತೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಸೊಸೆಯ ಔಷಧವನ್ನೆಲ್ಲ ತಾನೇ ಕುಡಿದು ಮುಗಿಸಿದ್ದಳು!

"ನನ್ನ ಬಾಯಾಗ ಮಣ್ಣ ಬೀಳಲಿ!" ಎಂದು ಹಣೆ ಬಡಿದುಕೊಂಡಳು. "ನೀನರ ಬಾಯಿ ಬಿಟ್ಟು ಹೇಳಬಾರದೇನ ಬೇ ಶೈಲಾ, ಅತ್ತಿ, ನಾ ಹೊಕ್ಕೀನಿ, ನೀವು ಕುಂದರ್ರಿ ಅಂತ?"

ಶೈಲಾ ಮೊದಲ ಸಲ ತಲೆ ಎತ್ತಿದಳು.

"ಹೆಂಗ ಹೇಳ್ಲಿ ಅತ್ತಿ? ಗುಡಿಯಿಂದ ಬರೂವಾಗ ನೀವು ಹಾಡ್ಕೋತ ಬರತಿದ್ರಿ. ಮಾವಾರು ಹೋದ ಮ್ಯಾಲೆ ನಿಮ್ಮ ಬಾಯಾಗ ಹಾಡು ಕೇಳಿದ್ದಿಲ್ಲ. ಆರನೇ ದಿನ ನಾ ಎದ್ದು ಚಪ್ಪಲಿ ಮೆಟ್ಟಿದ್ದೆ. ಅಷ್ಟರಾಗ ನಿಮ್ಮ ದನಿ ಕೇಳಸ್ತು. ನಾಳಿಂದ ನಾ ಹೋದ್ರ ನಿಮ್ಮ ಹಾಡು ನಿಂತೀತು ಅಂತ ಮತ್ತ ಮಕ್ಕೊಂಡೆ."

ರೇವವ್ವ ಸೊಸೆಯ ಕಾಲಲ್ಲಿದ್ದ ಚಪ್ಪಲಿ ನೋಡಿದಳು. ಎದ್ದಿದ್ದಳಂತೆ. ಚಪ್ಪಲಿ ಮೆಟ್ಟಿದ್ದಳಂತೆ. ಅದೇ ಹೊತ್ತಿಗೆ ತಾನು ಹಾಡುತ್ತ ಅಂಗಳಕ್ಕೆ ಕಾಲಿಟ್ಟಿದ್ದಳು.

ರಂಜನಾ ಎರಡು ಹೊಸ ಹಾಳೆ ಬರೆದಳು. ಒಂದು ಶೈಲಾಳಿಗೆ. ಇನ್ನೊಂದಕ್ಕೆ ರೇವವ್ವನ ಹೆಸರು ಹಾಕಿ, ಗುಡಿಗೆ ನಡೆಯುವ ಸಾಲಿಗಿಂತ ಮೇಲೆ, ಮೊದಲ ಸಾಲಿನಲ್ಲೇ "ಶೈಲಾಳ ಕೆಲಸಕ್ಕೆ ಕೈ ಹಚ್ಚದಿರುವುದು" ಎಂದು ಬರೆದಳು.

ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ಆ ಮುದುಕಿ ಕಂಡಿರಲಿಲ್ಲ. ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಕೂತು, ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕಾದಳು. ಬಿಸಿಲು ಅಂಗಳಕ್ಕೆ ಇಳಿಯಿತು. "ಏನವ್ವಾ ರೇವವ್ವ, ಇವತ್ತ ಬರಾಂಗಿಲ್ಲೇನು?" ಎಂದು ರಾಜಮಾಬಿ ಕೂಗಿದಳು. ರೇವವ್ವ ಹಲ್ಲು ಕಚ್ಚಿ ಕೂತಳು. ಒಂಬತ್ತರ ಹೊತ್ತಿಗೆ ಒಳಗೆ ಮಂಚ ಕಿರುಗುಟ್ಟಿತು. ಶೈಲಾ ಗೋಡೆ ಹಿಡಿದು ಬಂದಳು, ಚಪ್ಪಲಿ ಮೆಟ್ಟಿದಳು, ಬೇವಿನ ಮರದ ತನಕ ನಡೆದು ಕಲ್ಲಿನ ಮೇಲೆ ಕುಸಿದು ಕೂತಳು. ಇಪ್ಪತ್ತು ಹೆಜ್ಜೆ ಇರಲಿಕ್ಕಿಲ್ಲ.

"ಗುಡೀತನಕ ಆಗೂದಿಲ್ಲ ಅತ್ತಿ. ಇಲ್ಲೇ ಕುಂದರತೀನಿ. ನಿಮ್ಮ ಹಾಳ್ಯಾಗೂ ಗುಡಿ ಐತಿ, ನೀವು ಹೋಗಿ ಬರ್ರಿ. ಹಾಡ್ಕೋತ ಬರ್ರಿ. ಈ ಸಲ ನಾ ಮಕ್ಕೊಳ್ಳಾಂಗಿಲ್ಲ."

ಗುಡಿಯಿಂದ ತಿರುಗುವಾಗ ರೇವವ್ವ ಹಾಡಲು ಬಾಯಿ ತೆರೆದಳು. ದನಿ ಹೊರಡಲಿಲ್ಲ, ಅಳು ಬಂತು. ಹಾಡುವ ಮನಸ್ಸು ಎಳ್ಳಷ್ಟೂ ಇರಲಿಲ್ಲ. ಆದರೂ ಅಳುತ್ತಲೇ ಹಾಡಿದಳು, ಬೇವಿನ ಮರದ ತನಕ ಕೇಳಿಸುವಷ್ಟು ಗಟ್ಟಿಯಾಗಿ. ಓಣಿಯ ತಿರುವು ದಾಟಿ ನೋಡಿದರೆ, ಸೊಸೆ ಕಲ್ಲಿನ ಮೇಲೆ ಇನ್ನೂ ಕೂತೇ ಇದ್ದಳು.