ನೀಲಾಳ ಬೆನ್ನ ಹಿಂದಿನ ಮಾತು

ನೀಲಾ ಮೂರನೆಯ ವರ್ಷವೂ ಬಿಗರಿಯಲ್ಲೇ ಕುಳಿತಳು.

ಬಿಗರಿ ಎಂದರೆ ಶಾಲೆಗೆ ಹೊಸದಾಗಿ ಬಂದ ಸಣ್ಣ ಮಕ್ಕಳ ವರ್ಗ. ನೀಲಾಳ ಜೊತೆಗೆ ಸೇರಿದ ಹುಡುಗಿಯರು ಮುಂದಿನ ಕೋಣೆಗೆ ಹೋಗಿ ಮಗ್ಗಿ ಹೇಳುತ್ತಿದ್ದರು. ಅವಳು ಮಾತ್ರ ತನ್ನ ಭುಜಕ್ಕೂ ಬಾರದ ಮಕ್ಕಳ ಹಿಂದೆ, ಗೋಡೆಗೆ ಒರಗಿ, ಪಾಟಿಯ ಮೇಲೆ ಖಣದ ಅಂಚಿನ ಚಿತ್ತಾರ ಬರೆಯುತ್ತಿದ್ದಳು.

ಖಣ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳ ತಂದೆ ಮುರುಗೆಪ್ಪ ಗುಳೇದಗುಡ್ಡದವನು. ಪುಣೆಯ ರವಿವಾರ ಪೇಠೆಯಲ್ಲಿ ಕುಪ್ಪಸದ ಖಣ ಮಾರುತ್ತಿದ್ದ. ಅವನ ಮೀಸೆ ಎಷ್ಟು ದೊಡ್ಡದೆಂದರೆ ಮೇಲಿನ ತುಟಿ ಪೂರ್ತಿ ಮುಚ್ಚಿ ಕೆಳಗಿನ ತುಟಿಯ ಮೇಲೂ ಇಳಿದಿತ್ತು. ಗಿರಾಕಿಗಳು "ಮೀಸೆಯವರ ಅಂಗಡಿ" ಎಂದೇ ಕೇಳಿಕೊಂಡು ಬರುತ್ತಿದ್ದರು.

ಕಸಬಾ ಪೇಠೆಯ ಒಂದು ವಾಡೆಯಲ್ಲಿ, ಒಂದೇ ಅಂಗಳದ ಸುತ್ತ ಹಲವು ಸಂಸಾರಗಳಿದ್ದ ಹಳೆಯ ಕಟ್ಟಡದಲ್ಲಿ, ನಳದ ಎದುರು ಅವರ ಮನೆ. ಹೆಂಡತಿ ಕಾಶವ್ವ, ಮುದಿ ತಾಯಿ ಕಲ್ಲವ್ವ, ಒಬ್ಬಳೇ ಮಗಳು ನೀಲಾ. ಕಲ್ಲವ್ವನಿಗೆ ಕಿವಿ ಕೇಳುತ್ತಿರಲಿಲ್ಲ. ಆದ್ದರಿಂದ ಆ ಮನೆಯಲ್ಲಿ ಎಲ್ಲರೂ ಒದರಿಯೇ ಮಾತಾಡುವುದು. "ಉಪ್ಪು ಕೊಡು" ಎಂದರೂ ವಾಡೆಗೆಲ್ಲ ಕೇಳುತ್ತಿತ್ತು. ಮಾಳಿಗೆಯ ಮೇಲಿನ ಮರಾಠಿ ಮುದುಕ, "ಕಾನಡಿಯವರ ಮನೆಯಲ್ಲಿ ಇವತ್ತು ಏನು ಪಲ್ಯ ಅಂತ ನಾನು ಹೋಗಿ ಕೇಳಬೇಕಾಗಿಲ್ಲ" ಎಂದು ನಗುತ್ತಿದ್ದ.

ಈ ಹುಡುಗಿ ಯಾಕೆ ಕಲಿಯುವುದಿಲ್ಲ?

"ಮನೆಯಲ್ಲಿ ಕನ್ನಡ. ಅದಕ್ಕೆ ನಮ್ಮ ಮರಾಠಿ ಅವಳಿಗೆ ತಿಳಿಯುವುದಿಲ್ಲ" ಎಂದರು ಶಾಲೆಯ ಶಿಕ್ಷಕಿ ಗಂಗೂಬಾಯಿ.

"ಸಾಲಿಯೊಳಗ ಮರಾಠಿ. ಅದಕ್ಕ ನಮ್ಮ ಕೂಸಿಗೆ ತಲಿಗೆ ಹತ್ತವಲ್ದು" ಎಂದ ಮುರುಗೆಪ್ಪ.

ಎರಡೂ ಕಡೆಯವರು ಒಂದೇ ಮಾತು ಹೇಳಿದ್ದರಿಂದ ಮುಂದೆ ಯಾರೂ ಏನೂ ಕೇಳಲಿಲ್ಲ. ನವರಾತ್ರಿ ಮುಗಿದ ಮೇಲೆ ಮುರುಗೆಪ್ಪ ತೀರ್ಮಾನ ಮಾಡಿದ.

"ದೀಪಾವಳಿ ಆದಕೂಡ್ಲೆ ನಮ್ಮವ್ವನ ಜೋಡಿ ನೀಲಾನ್ನೂ ಊರಿಗೆ ಕಳಸ್ತೀನಿ. ಅಲ್ಲಿ ಕನ್ನಡ ಸಾಲಿ ಐತಿ. ಅಣ್ಣನ ಮನಿಯೊಳಗ ಇರ್ತಾಳ."

"ಎಂಟು ವರ್ಷದ ಕೂಸು ರೀ. ನನ್ನ ಬಿಟ್ಟು ಹೆಂಗ ಇದ್ದೀತು?" ಎಂದಳು ಕಾಶವ್ವ.

"ಇಲ್ಲಿದ್ದು ಏನ್ ಮಾಡ್ತಾಳ? ಮುದುಕಿ ಆಗೂತನಾ ಬಿಗರಿಯೊಳಗ ಕುಂಡ್ರಸ್ತೀ ಏನು? ಮ್ಯಾಲ ಹಟಾ ಬ್ಯಾರೆ. ನಾ ಹೇಳಿದ ಮಾತು ಒಂದರೆ ಕೇಳ್ತಾಳೇನು? ನೆಟ್ಟಗ ನನ್ನ ಮಾರಿ ನೋಡ್ಕೋತ ನಿಂದರ್ತಾಳ, ಮಾತು ಮಾತ್ರ ಕೇಳಂಗಿಲ್ಲ!"

ಕಾಶವ್ವ ಎದ್ದಳು. ಮಗಳ ಲಂಗಗಳನ್ನು ಒಗೆದು ಮಡಿಚಿ ಟ್ರಂಕಿನಲ್ಲಿಡತೊಡಗಿದಳು.

ಪಕ್ಕದ ಕೋಣೆಗೆ ಕೃಷ್ಣಾಬಾಯಿ ಎಂಬವರು ಹೊಸದಾಗಿ ಬಂದಿದ್ದರು. ಧಾರವಾಡದವರು. ದೊಡ್ಡ ದವಾಖಾನೆಯಲ್ಲಿ ನರ್ಸ್. ಒಂದು ರವಿವಾರ ಮುಂಜಾನೆ ಅವರು ನೀರು ಹಿಡಿಯಲು ನಳಕ್ಕೆ ಬಂದಾಗ ಕಾಶವ್ವ ಕಟ್ಟೆಯ ಮೇಲೆ ಕುಳಿತು ನೀಲಾಳ ತಲೆ ಬಾಚಿ ಹೆಣಲು ಹಾಕುತ್ತಿದ್ದಳು. ಅತ್ತೆ ಒಳಗೆ ಪೂಜೆಗೆ ಕುಳಿತಿದ್ದರಿಂದ ಒದರುವ ಕಾರಣವಿರಲಿಲ್ಲ. ಕಾಶವ್ವ ಮಗಳ ಬೆನ್ನ ಹಿಂದೆ ಮೆಲ್ಲಗೆ ಮಾತಾಡುತ್ತಿದ್ದಳು.

"ಊರಿಗೆ ಹೋಗ್ತೀಯವ್ವಾ ನೀಲಾ? ನನ್ನ ನೆನಸ್ತೀಯಿಲ್ಲೋ?"

ನೀಲಾ ಉತ್ತರ ಕೊಡಲಿಲ್ಲ. ನಳದಿಂದ ನೀರು ಬೀಳುವುದನ್ನು ನೋಡುತ್ತಿದ್ದಳು.

ಕಾಶವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ನೋಡ್ರಿ ಬಾಯಾರ. ಹೆಣಲು ಹಾಕೂತನಾ ತುಟಿ ಪಿಟ್ಟನ್ನಂಗಿಲ್ಲ. ಗೌರಿ ಕುಂತಂಗ ಕುಂತಿರ್ತಾಳ. ತಾಯಿ ಅಂದ್ರೂ ಬ್ಯಾಡಾಗಿ ಹೋತು" ಎಂದಳು.

ಕೃಷ್ಣಾಬಾಯಿ ಕೊಡ ಕೆಳಗಿಟ್ಟರು. "ಇನ್ನೊಮ್ಮೆ ಕೇಳ್ರಿ. ಹಂಗೇ, ಸಾವಕಾಶ."

ಕಾಶವ್ವ ಕೇಳಿದಳು. ನೀಲಾ ಅಲುಗಲಿಲ್ಲ.

"ಯಾವ ಭಾಷಾದಾಗ ಕೇಳಿದ್ರಿ?"

"ಕನ್ನಡದಾಗ ರೀ. ಮತ್ಯಾವುದ್ರಾಗ ಕೇಳ್ಲಿ?"

"ಹಂಗಾದ್ರ ಇದು ಮರಾಠಿ ತಪ್ಪಲ್ಲ ಕಾಶವ್ವ."

ಕೃಷ್ಣಾಬಾಯಿ ಹುಡುಗಿಯ ಎದುರಿಗೆ ಬಂದು ಕುಕ್ಕರಗಾಲಲ್ಲಿ ಕುಳಿತರು. ಅದೇ ಮೆಲುದನಿಯಲ್ಲಿ ಕೇಳಿದರು: "ನೀಲಾ, ಊರಿಗೆ ಹೋಗ್ತೀಯೇನು?"

ನೀಲಾಳ ಕಣ್ಣು ಅವರ ತುಟಿಗಳ ಮೇಲಿತ್ತು. ಕೂಡಲೇ ಕೇಳಿದಳು: "ಅವ್ವ ಬರ್ತಾಳೇನು?"

ಕಾಶವ್ವನ ಕೈಯೊಳಗಿನ ಹೆಣಲು ಹಾಗೇ ಬಿಚ್ಚಿಹೋಯಿತು.

"ಈಕಿಗೆ ದಡಾರ ಬಂದಿತ್ತೇನು?" ಎಂದು ಕೇಳಿದರು ಕೃಷ್ಣಾಬಾಯಿ.

"ಸಣ್ಣಾಕಿ ಇದ್ದಾಗ ಬಂದಿತ್ತರಿ. ಆಮ್ಯಾಗ ಕಿವಿ ಸೋರ್ತಾವ. ಅತ್ತಿ ಬಳ್ಳೊಳ್ಳಿ ಹಾಕಿ ಎಣ್ಣಿ ಕಾಸಿ ಬಿಡ್ತಾಳ."

"ಎಣ್ಣಿ ಬ್ಯಾಡ್ರಿ. ಸೋರೋ ಕಿವ್ಯಾಗ ಏನೂ ಹಾಕಬಾರದು. ನಾಳೆ ನನ್ನ ಜೋಡಿ ದವಾಖಾನಿಗೆ ಬರ್ರಿ. ಕೂಸಿಗೆ ಒಟ್ಟ ಕೇಳೂದಿಲ್ಲ ಅಂತಲ್ಲ, ಕಡಿಮಿ ಕೇಳ್ತದ. ನೀವು ಅತ್ತಿ ಸಲುವಾಗಿ ಒದರೋದು ಈಕಿಗೂ ಕೇಳ್ತಿತ್ತು. ಅದಕ್ಕ ಮನ್ಯಾಗ ಯಾರಿಗೂ ಗೊತ್ತಾಗಲಿಲ್ಲ."

ದವಾಖಾನೆಯ ಡಾಕ್ಟರರು ಎರಡೂ ಕಿವಿ ನೋಡಿದರು. ಸೋರುವುದನ್ನು ನಿಲ್ಲಿಸಬಹುದು, ಕೇಳಿಸುವುದು ಪೂರ್ತಿ ಮರಳುವುದಿಲ್ಲ ಎಂದರು. "ಬುದ್ಧಿಗೆ ಏನೂ ಆಗಿಲ್ಲ. ಶಾಲೆಯವರಿಗೆ ತಿಳಿಸಿ" ಎಂದೂ ಹೇಳಿದರು.

ಆ ಮಾತು ಕೇಳಿ ಮುರುಗೆಪ್ಪನಿಗೆ ಸಿಟ್ಟು ಬಂತು.

"ಸಾಲಿಯೊಳಗ ಹೇಳಬ್ಯಾಡ್ರಿ ಬಾಯಾರ. ಕಿವುಡಿ ಅಂತ ಹೆಸರ ಹತ್ತಿದ್ರ ನಾಳೆ ಲಗ್ನಾ ಯಾರು ಮಾಡ್ಕೋತಾರ?"

"ಈಗ ದಡ್ಡಿ ಅಂತ ಹೆಸರದ. ಅದೇನು ಭಾಳ ಚಲೋ ಹೆಸರೇನು?" ಎಂದರು ಕೃಷ್ಣಾಬಾಯಿ.

ಮುರುಗೆಪ್ಪ ಬೇರೆ ದಾರಿ ಹಿಡಿದ. "ಆತು, ಹೇಳಿದ್ರ ಅವರೇನು ಮಾಡ್ತಾರ? ಅಷ್ಟು ಹುಡುಗ್ಯಾರೊಳಗ ನಮ್ಮ ಒಂದು ಕೂಸಿನ ಸಲುವಾಗಿ ತಮ್ಮ ಪದ್ಧತಿ ಬಿಡ್ತಾರಾ? ಮಂದಿ ಮುಂದ ಹೋಗಿ ಬೇಡೂದು ನಮಗ ಶೋಭಾ ಅಲ್ಲ."

"ನಿಮ್ಮ ಅಂಗಡಿಗೆ ಒಬ್ಬಾಕಿ ಬಂದು, ಬಣ್ಣ ಸರಿಯಾಗಿ ಕಾಣವಲ್ದು, ಬೆಳಕಿಗೆ ಹಿಡೀರಿ ಅಂದ್ರ ಏನ್ ಮಾಡ್ತೀರಿ?"

"ಬಾಗಲಿಗೆ ತಂದು ಬಿಸಲಾಗ ತೋರಸ್ತೀನಿ."

"ಆಕಿ ಭಿಕ್ಷಾ ಬೇಡಿದಂಗ ಆತೇನು?"

ಮುರುಗೆಪ್ಪ ಮೀಸೆ ತಿರುವಿದ.

ಮೂಲೆಯಲ್ಲಿದ್ದ ಕಲ್ಲವ್ವ, "ಏನಂತ? ಏನಂತ ನೀಲಾಂದು?" ಎಂದು ಕೇಳಿದಳು. ಕಾಶವ್ವ ಅವಳ ಕಿವಿಯ ಹತ್ತಿರ ಬಾಗಿ ಎಲ್ಲವನ್ನೂ ಒದರಿ ಹೇಳಿದಳು. ವಾಡೆಗೆಲ್ಲ ಕೇಳಿತು. ಇನ್ನು ಮುಚ್ಚಿಡಲು ಏನೂ ಉಳಿಯಲಿಲ್ಲ.

ಮುದುಕಿ ಮೊಮ್ಮಗಳನ್ನು ಎಳೆದು ತೊಡೆಯ ಮೇಲೆ ಕೂಡಿಸಿಕೊಂಡಳು. "ನಾ ಕೇಳೋದೆಲ್ಲಾ ಕೇಳಿ ಮುಗಿಸಿದಾಕಿ. ನನ್ನ ಸಲುವಾಗಿ ಮನಿಮಂದಿ ಎಲ್ಲಾ ಒದರ್ತೀರಿ. ಇನ್ನೂ ಎಲ್ಲಾ ಕೇಳಬೇಕಾದ ಕೂಸು ಇದು. ಇದಕ್ಕ ಹಟಮಾರಿ ಅಂತ ಬಡದ್ರಿ. ಯಾರೂ ಹೋಗದಿದ್ರ ನಾನ ಹೋಗ್ತೀನಿ ಸಾಲಿಗೆ!"

"ನೀ ಹೋದ್ರ ಬಾಯಾರೇ ಸಾಲಿ ಬಿಟ್ಟು ಓಡ್ತಾರ, ಸುಮ್ಮ ಕುಂಡ್ರವ್ವ" ಎಂದ ಮುರುಗೆಪ್ಪ. ಆದರೆ ಹೋಗಬೇಡಿ ಎಂದು ಹೇಳಲಿಲ್ಲ.

ಮರುದಿನ ಕಾಶವ್ವ ಕೃಷ್ಣಾಬಾಯಿಯವರೊಂದಿಗೆ ಶಾಲೆಗೆ ಹೋದಳು. ಅವಳಿಗೆ ಕಾಯಿಪಲ್ಯ ಕೊಳ್ಳುವಷ್ಟು ಮರಾಠಿ ಮಾತ್ರ ಬರುತ್ತಿತ್ತು. ಕೃಷ್ಣಾಬಾಯಿ ಮಾತು ತೆಗೆಯಲು ಹೋದಾಗ ಅವಳೇ ಅವರ ಕೈ ಹಿಡಿದಳು. "ನಾನ ಹೇಳ್ತೀನ್ರಿ. ತಪ್ಪಾದ್ರ ತಿದ್ದರಿ."

ಮಗಳಿಗೆ ಕಡಿಮೆ ಕೇಳುತ್ತದೆ ಎಂದಳು. ಡಾಕ್ಟರರು ಹೇಳಿದ್ದನ್ನು ಹೇಳಿದಳು. ಮುಂದಿನ ಸಾಲಿನಲ್ಲಿ, ನಿಮ್ಮ ಮುಖದ ಮೇಲೆ ಕಿಟಕಿಯ ಬೆಳಕು ಬೀಳುವ ಕಡೆಗೆ, ಕೂಡಿಸಿರಿ ಎಂದಳು. ಫಳ್ಯದ, ಅಂದರೆ ಕರಿಹಲಗೆಯ, ಕಡೆಗೆ ತಿರುಗಿ ಮಾತಾಡಬೇಡಿ, ಬರೆದು ಮುಗಿಸಿ ಇತ್ತ ತಿರುಗಿದ ಮೇಲೆ ಹೇಳಿರಿ ಎಂದಳು. ಎಲ್ಲಿ ಓದುತ್ತಿದ್ದೇವೆಂದು ಬೆರಳಿಟ್ಟು ತೋರಿಸಲು ಪಕ್ಕದಲ್ಲಿ ಒಬ್ಬ ಹುಡುಗಿ ಇರಲಿ ಎಂದಳು. ಅವಳ ಮರಾಠಿಯಲ್ಲಿ ಅರ್ಧ ಕನ್ನಡವೇ ಇತ್ತು. ಆದರೂ ಗಂಗೂಬಾಯಿಗೆ ಎಲ್ಲ ತಿಳಿಯಿತು.

"ಅಹೋ, ನಾನು ಇಷ್ಟು ದಿನ ಭಾಷೆಯ ತೊಡಕು ಅಂತಲೇ ತಿಳಿದಿದ್ದೆ" ಎಂದರು ಅವರು. ಆದರೂ ಅವರಿಗೆ ಪೂರ್ತಿ ನಂಬಿಕೆ ಬರಲಿಲ್ಲ. ನೀಲಾಳನ್ನು ಮುಂದೆ ಕರೆದು ಎದುರಿಗೆ ನಿಲ್ಲಿಸಿಕೊಂಡು, "ಕಮಲ ಅಂತ ಬರೆ" ಎಂದರು. ನೀಲಾ ಬರೆದಳು. ಗಂಗೂಬಾಯಿ ಫಳ್ಯದ ಕಡೆಗೆ ತಿರುಗಿ ಅದೇ ದನಿಯಲ್ಲಿ, "ಈಗ ನಗರ ಅಂತ ಬರೆ" ಎಂದರು. ನೀಲಾ ಬಳಪ ಹಿಡಿದು ಅವರ ಬೆನ್ನು ನೋಡುತ್ತ ಕಾಯ್ದಳು. ಕಾಯುತ್ತಲೇ ಇದ್ದಳು.

ಗಂಗೂಬಾಯಿ ತಿರುಗಿ ನೋಡಿದರು. ಖಾಲಿ ಪಾಟಿ ಕಂಡಿತು. ಅವರು ಕೈಯಲ್ಲಿದ್ದ ಸುಣ್ಣದ ಬಳಪವನ್ನು ಮೇಜಿನ ಮೇಲೆ ಇಟ್ಟರು.

"ಇಷ್ಟು ವರ್ಷ ನಾನು ಗೋಡೆಗೆ ಪಾಠ ಹೇಳಿದೆ" ಎಂದರು.

ಆ ದಿನದಿಂದ ನೀಲಾ ಕಿಟಕಿಯ ಹತ್ತಿರ ಮುಂದೆ ಕುಳಿತಳು. ಪಕ್ಕದಲ್ಲಿ ಭಾಮಾ ಎಂಬ ಹುಡುಗಿ. ಎಲ್ಲ ಒಮ್ಮೆಲೇ ಸರಿಹೋಗಲಿಲ್ಲ. ಗಂಗೂಬಾಯಿ ಮರೆತು ಫಳ್ಯದ ಕಡೆಗೆ ತಿರುಗಿ ಮಾತಾಡಿದಾಗ ಭಾಮಾ ಕೆಮ್ಮುತ್ತಿದ್ದಳು. ಮೊದಮೊದಲು ದಿನವಿಡೀ ಕೆಮ್ಮಬೇಕಾಯಿತು. "ಇವಳಿಗೆ ಕಷಾಯ ಕುಡಿಸಬೇಕು" ಎಂದು ಗಂಗೂಬಾಯಿಯೇ ನಗುತ್ತಿದ್ದರು. ಬರಬರುತ್ತ ಕೆಮ್ಮು ಕಡಿಮೆಯಾಯಿತು. ಮನೆಯಲ್ಲಿ ಹೆಣಲು ಹಾಕುವಾಗ ಕಾಶವ್ವ ಮಗಳ ಕೈಗೆ ಕನ್ನಡಿ ಕೊಡುತ್ತಿದ್ದಳು. ಅದರೊಳಗೆ ತಾಯಿಯ ಮುಖ ನೋಡಿಕೊಂಡು ನೀಲಾ ಹೆಣಲು ಮುಗಿಯುವತನಕ ವಟವಟ ಮಾತಾಡುತ್ತಿದ್ದಳು.

ಮುರುಗೆಪ್ಪ ಮಾತ್ರ ಇನ್ನೂ ಮೆತ್ತಗಾಗಿರಲಿಲ್ಲ. ಟ್ರಂಕು ಬಾಗಿಲ ಹತ್ತಿರವೇ ಇತ್ತು. ಬಲಿಪಾಡ್ಯಮಿಯ ದಿನ ಅವನು ಮಗಳನ್ನು ಹತ್ತಿರ ಕರೆದು ಸಣ್ಣ ದನಿಯಲ್ಲಿ ಕೇಳಿದ.

"ಸಾಲಿಯೊಳಗ ಏನ್ ಕಲ್ತೀ? ಹೇಳು."

ನೀಲಾ ಅವನ ಮುಖವನ್ನೇ ನೋಡಿದಳು. ಏನೂ ಹೇಳಲಿಲ್ಲ.

"ನೋಡ್ರಿ ಬಾಯಾರ! ಮತ್ತ ಅದ. ಎಲ್ಲಾರ ಮಾತೂ ಕೇಳ್ತಾಳ, ನಂದಷ್ಟ ಕೇಳಂಗಿಲ್ಲ. ಇದು ಹಟಾ ಅಲ್ದ ಮತ್ತೇನು?"

ನೀಲಾ ತಾಯಿಯ ಕಡೆಗೆ ತಿರುಗಿ, "ಅಪ್ಪ ಏನಂದಾ?" ಎಂದು ಕೇಳಿದಳು.

"ಯಾಕ, ನಿನಗ ತಿಳೀಲಿಲ್ಲೇನು? ಎದುರಿಗೇ ನಿಂತಾನಲ್ಲ."

"ಅಪ್ಪನ ಮಾತು ಮೀಸಿಯೊಳಗ ಇರ್ತಾವ. ಕಾಣಂಗಿಲ್ಲ" ಎಂದಳು ನೀಲಾ.

ಅಂಗಳದಲ್ಲಿದ್ದ ಕೃಷ್ಣಾಬಾಯಿ ನಕ್ಕರು. ಮಾಳಿಗೆಯ ಮುದುಕನೂ ನಕ್ಕ. ಮುರುಗೆಪ್ಪ ನಗಲಿಲ್ಲ. ಟೊಪ್ಪಿಗೆ ಇಟ್ಟುಕೊಂಡು ಹೊರಗೆ ಹೋದ. ಮಾತು ಅತಿಯಾಯಿತೇನೋ ಎಂದು ಕಾಶವ್ವ ಹೆದರಿದಳು.

ಅವನು ಮರಳಿ ಬಂದಾಗ ಕಲ್ಲವ್ವ ಮೊದಲು ನೋಡಿ, "ಯಾರೋ ಬಂದಾರ ನೋಡಬೇ ಕಾಶವ್ವ" ಎಂದಳು. ಮೀಸೆ ಇರಲಿಲ್ಲ. ಮೀಸೆ ಇದ್ದ ಕಡೆ ಚರ್ಮ ಬೆಳ್ಳಗೆ ಕಾಣುತ್ತಿತ್ತು.

ಮುರುಗೆಪ್ಪ ಮಗಳ ಎದುರು ಕುಳಿತ. ಒದರಲಿಲ್ಲ. ಮೆಲ್ಲಗೆ ಹೇಳಿದ: "ನೀಲಾ, ಊರಿಗೆ ಹೋಗೂದು ಬ್ಯಾಡ. ಇಲ್ಲೇ ಇರು."

ನೀಲಾ ಅವನ ತುಟಿಗಳನ್ನು ನೋಡಿದಳು. ಕೈ ಚಾಚಿ ಒಮ್ಮೆ ಮುಟ್ಟಿ ನೋಡಿದಳು.

"ಅವ್ವನ ಕೂಡ?"

"ಅವ್ವನ ಕೂಡ. ನನ್ನ ಕೂಡ."

ಕಾಶವ್ವ ಒಳಗೆ ಹೋಗಿ ಟ್ರಂಕಿನಿಂದ ಲಂಗಗಳನ್ನು ಒಂದೊಂದಾಗಿ ತೆಗೆದು ಗೂಟಕ್ಕೆ ಹಾಕಿದಳು.

ಪುಣೆಯಲ್ಲಿರುವ ನಮ್ಮ ಅವ್ವಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಹಿಂದೆ ಉಳಿದ ಮಗು ಇರಬಹುದು. ಅದಕ್ಕೆ ದಡ್ಡ, ಹಟಮಾರಿ ಎಂದು ಹೆಸರಿಡುವ ಮೊದಲು, ಮರಾಠಿ ಬರುವುದಿಲ್ಲ ಎಂದು ಸುಮ್ಮನಾಗುವ ಮೊದಲು, ಅದಕ್ಕೆ ಕೇಳುತ್ತದೆಯೇ ನೋಡಿ. ಕಾಣುತ್ತದೆಯೇ ನೋಡಿ. ಸೋರುವ ಕಿವಿಗೆ ಎಣ್ಣೆ ಹಾಕದೆ ದವಾಖಾನೆಗೆ ಕರೆದೊಯ್ಯಿರಿ. ಆಮೇಲೆ ಶಾಲೆಗೆ ಹೋಗಿ. ಶಿಕ್ಷಕರಿಗೆ ಗೊತ್ತಿಲ್ಲದ್ದು ನಿಮಗೆ ಗೊತ್ತಿರುತ್ತದೆ, ಅದನ್ನು ಹೇಳಿ. ಮಗುವಿಗೆ ಏನು ಬೇಕೋ ಅದನ್ನು ಬಾಯಿಬಿಟ್ಟು ಕೇಳಿ. ನಿಮ್ಮ ಮರಾಠಿ ತಪ್ಪಾದರೆ ಆಗಲಿ. ಅಪ್ಪಂದಿರೂ ಜೊತೆಗೆ ಹೋಗಿರಿ.

ನಾಳೆ ಮುಂಜಾನೆ ಮಗುವಿನ ತಲೆ ಬಾಚುವಾಗ ಬೆನ್ನ ಹಿಂದಿನಿಂದ ಮೆಲ್ಲಗೆ ಒಂದು ಮಾತು ಕೇಳಿ. ಉತ್ತರ ಬಾರದಿದ್ದರೆ ಸಿಟ್ಟಾಗಬೇಡಿ. ಎದುರಿಗೆ ಬಂದು ಕುಳಿತು, ಇನ್ನೊಮ್ಮೆ ಕೇಳಿ.