ನಾಂದಿ ಮುಗಿಯುವವರೆಗೆ

ವೆಸ್ಟ್ ಮಾಂಬಲಂನ ಆ ಓಣಿಯಲ್ಲಿ ಮಳೆ ಜೋರಾದರೆ ಜನ ಮೊದಲು ದೇವರನ್ನು ನೆನೆಯುತ್ತಿದ್ದರು, ಆಮೇಲೆ ಸುಘೋಷರಾಯರಿಗೆ ಫೋನ್ ಮಾಡುತ್ತಿದ್ದರು. ದೇವರದು ಹೇಗೋ ಗೊತ್ತಿಲ್ಲ, ರಾಯರು ಮಾತ್ರ ತಪ್ಪದೆ ಎತ್ತುತ್ತಿದ್ದರು. ಪ್ಯಾರೀಸ್ ಕಾರ್ನರಿನ ಹಡಗು ಕಂಪನಿಯ ಆಫೀಸಿನಿಂದ ರಿಟೈರಾದ ಮೇಲೆ ಅವರು ಕಟ್ಟಿದ ಸ್ವಯಂಸೇವಕರ ಪಡೆ ಅದು. ಒಂದು ರಬ್ಬರ್ ದೋಣಿ, ಹಗ್ಗ, ಜನರೇಟರು, ಒಂದು ವ್ಯಾನು, ವ್ಯಾನಿನೊಳಗೆ ಸದಾ ತುಂಬಿಟ್ಟಿರುತ್ತಿದ್ದ ಆಕ್ಸಿಜನ್ ಸಿಲಿಂಡರು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಅಪಾರ್ಟ್‌ಮೆಂಟಿನ ಟೆರೇಸಿನಲ್ಲಿ ಎಲ್ಲರನ್ನೂ ಕೂರಿಸಿ ರಾಯರು ಪಾಠ ಹೇಳುತ್ತಿದ್ದರು.

"ಮೊದಲನೇ ರಿಂಗಿಗೇ ಎತ್ತಬೇಕು. ಮಡೀಲಿದ್ರೂ ಎತ್ತಬೇಕು, ಊಟದ ಮಧ್ಯ ಇದ್ರೂ ಎತ್ತಬೇಕು. ಯೋಚನೆ ಎಲ್ಲಾ ಅಪ್ಪುರಂ, ಆಮೇಲೆ."

ಪಡೆಯ ಸಿಲಿಂಡರಿಗೆ ಮೊದಲ ಹಕ್ಕುದಾರ ರಾಯರ ಸ್ವಂತ ತಮ್ಮ ಕಿಟ್ಟು. ಮಾಧವರಂನಲ್ಲಿ, ಹಾಲಿನ ಡೇರಿಯ ಹಿಂದಿನ ಕಾಲೊನಿಯಲ್ಲಿ, ಕೆಳಗಿನ ಮನೆಯಲ್ಲಿ ಅವನ ವಾಸ. ಶ್ವಾಸಕೋಶ ಕೆಟ್ಟುಹೋಗಿ, ಕರೆಂಟಿನಿಂದ ಓಡುವ ಆಕ್ಸಿಜನ್ ಮೆಷಿನ್ನಿನ ಕೊಳವೆಯನ್ನು ಮೂಗಿಗೆ ಸಿಕ್ಕಿಸಿಕೊಂಡೇ ಬದುಕುತ್ತಿದ್ದ. ಡಾಕ್ಟರು ಇನ್ನು ಆಸ್ಪತ್ರೆ ಬೇಡ, ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿಯಾಗಿತ್ತು. ಹಾಗೆಂದರೆ ಏನೆಂದು ಬಳಗಕ್ಕೆಲ್ಲ ಗೊತ್ತಿತ್ತು. ಕಿಟ್ಟುವಿಗೂ ಗೊತ್ತಿತ್ತು. ಆದರೂ ಅವನು ಬೆಳಿಗ್ಗೆ ಎದ್ದು ಕ್ರಿಕೆಟ್ ಸ್ಕೋರು ನೋಡುತ್ತಿದ್ದ, ಹೆಂಡತಿ ವೆಂಕಟಲಕ್ಷ್ಮಿ ಮಾಡಿದ ಸಾರಿನಲ್ಲಿ ಉಪ್ಪು ಕಡಿಮೆಯೆಂದು ಸಿಡುಕುತ್ತಿದ್ದ. ಸಾಯುವವನು ಇಷ್ಟು ಕಿರಿಕಿರಿ ಮಾಡುತ್ತಾನೆಯೇ ಎಂದು ಅವಳು ನಗುತ್ತಿದ್ದಳು.

ಡಿಸೆಂಬರಿನ ಮೊದಲ ವಾರ ರಾಯರ ಮಗಳು ಶ್ರೀಪ್ರಿಯಾಳ ಮದುವೆ. ಈ ಮದುವೆ ವೈಶಾಖದಲ್ಲೇ ಆಗಬೇಕಿತ್ತು. ಆಗ ಪಿತೃಗಳನ್ನು ಕರೆದು ಶುಭ ಕೋರುವ ನಾಂದಿಯ ಹಿಂದಿನ ದಿನ ಕುಂಭಕೋಣದಿಂದ ಯಾರೋ ಮುದುಕ ದಾಯಾದಿ ತೀರಿಕೊಂಡ ಸುದ್ದಿ ಬಂದು, ಸೂತಕ ಕಟ್ಟಿ, ಮದುವೆ ನಿಂತಿತ್ತು. ಗಂಡಿನ ಕಡೆಯವರು ಬಾಯಿಬಿಟ್ಟು ಏನೂ ಅನ್ನದಿದ್ದರೂ ಮುಖ ಗಂಟು ಹಾಕಿದ್ದರು. ಈ ಸಲವೂ ತಪ್ಪಿದರೆ ಮುಂದೆ ಧನುರ್ಮಾಸ, ಮುಹೂರ್ತವೇ ಇಲ್ಲ. ಸಂಬಂಧವೂ ಉಳಿಯುವುದಿಲ್ಲ ಎಂದು ರಾಯರ ಹೆಂಡತಿ ಜಯಲಕ್ಷ್ಮೀ ತೀರ್ಮಾನಿಸಿಬಿಟ್ಟಿದ್ದಳು.

ಅದಕ್ಕೇ ಪುರೋಹಿತರಾದ ಆಚಾರ್ಯರು ದಾರಿ ತೋರಿಸಿದ್ದರು. "ನಾಂದಿ ಆಗಿಬಿಟ್ಟರೆ ಆಮೇಲೆ ಯಾವ ಸೂತಕವೂ ಮದುವೆಯನ್ನ ತಡೆಯೋಲ್ಲ. ಅದಕ್ಕೆ ಮೊದಲೇ ಯಾರಾದರೂ ಹೋದರೂ, ಸುದ್ದಿ ಕಿವಿಗೆ ಬೀಳೋವರೆಗೂ ಸೂತಕ ಇಲ್ಲ. ಕೇಳಬೇಡಿ, ಅಷ್ಟೇ."

ಎಷ್ಟು ಸುಲಭದ ಶಾಸ್ತ್ರ ನೋಡಿ. ಕಿವಿ ಮುಚ್ಚಿಕೊಂಡರೆ ಯಾರೂ ಸತ್ತಿಲ್ಲ.

ಮದುವೆಯ ಬೆಳಿಗ್ಗೆ ಚಂಡಮಾರುತ ಊರ ಮೇಲೆಯೇ ಕುಳಿತಿತ್ತು. ಅಪಾಯ ಬೇಡವೆಂದು ಊರಿಗೆಲ್ಲ ಕರೆಂಟು ತೆಗೆದಿದ್ದರು. ಛತ್ರದ ಮುಂದೆ ಮೊಣಕಾಲುದ್ದ ನೀರು. ಪಡೆಯ ಜನರೇಟರು ಛತ್ರಕ್ಕೆ ದೀಪ ಕೊಡುತ್ತಿತ್ತು. ಪಡೆಯ ವ್ಯಾನು ಗಂಡಿನ ಕಡೆಯವರನ್ನು ರೈಲ್ವೆ ಸ್ಟೇಷನ್ನಿನಿಂದ ತಂದು ಬಾಗಿಲಲ್ಲೇ ನಿಂತಿತ್ತು. ಸಿಲಿಂಡರು ಅದರೊಳಗೇ ಇತ್ತು, ಅದರ ಮೇಲೆ ಬಾಳೆಎಲೆಯ ಕಟ್ಟು ಒರಗಿಸಿದ್ದರು. ಪಡೆಯ ಹುಡುಗರೆಲ್ಲ ಪಂಚೆ ಉಟ್ಟು ತಿಂಡಿ ಬಡಿಸುತ್ತಿದ್ದರು.

ಆಚಾರ್ಯರು ನಾಂದಿಗೆ ಸಂಕಲ್ಪ ಹೇಳಿಸಲು ಶುರುಮಾಡುವಷ್ಟರಲ್ಲಿ ರಾಯರ ಫೋನು ಬಡಿದುಕೊಂಡಿತು. ಜಯಲಕ್ಷ್ಮೀ ನೋಡಿದಳು. ಕಿಟ್ಟು ಎಂದು ಹೆಸರು ಬಂದಿತ್ತು. ಅವಳು ಗಂಡನ ಕಡೆಗೆ ಫೋನು ತಿರುಗಿಸಿ ತೋರಿಸಿದಳು ಅಷ್ಟೇ. ರಾಯರ ಮುಖ ಬಿಳಿಚಿತು. ತಮ್ಮ ಇನ್ನಿಲ್ಲ ಎಂದು ಅವರಿಗೆ ಆ ಕ್ಷಣದಲ್ಲೇ ಖಚಿತವಾಯಿತು. ಮದುವೆಯ ದಿನ, ಈ ಹೊತ್ತಿಗೆ, ಆ ಮನೆಯಿಂದ ಇನ್ನು ಯಾವ ಸುದ್ದಿ ಬಂದೀತು?

ಕಿಟ್ಟು ಸತ್ತಿರಲಿಲ್ಲ. ಫೋನು ಮಾಡುತ್ತಿದ್ದವನು ಅವನೇ. ಕರೆಂಟು ಹೋಗಿ ಮೆಷಿನ್ನು ನಿಂತಿತ್ತು. ಮನೆಯಲ್ಲಿದ್ದ ಚಿಕ್ಕ ಸಿಲಿಂಡರು ಮುಗಿಯುತ್ತ ಬಂದಿತ್ತು. ಆಂಬುಲೆನ್ಸಿನವರು ರಸ್ತೆ ಮುಳುಗಿದೆ, ತಡವಾಗುತ್ತದೆ ಎಂದಿದ್ದರು. "ಅಣ್ಣನಿಗೆ ಮಾಡು, ಒಂದು ರಿಂಗಿಗೆ ಎತ್ತುತ್ತಾನೆ" ಎಂದು ಹೆಂಡತಿಯ ಕೈಯಿಂದ ಫೋನು ಕಿತ್ತುಕೊಂಡು ತಾನೇ ಒತ್ತಿದ್ದ.

ಜಯಲಕ್ಷ್ಮೀ ಫೋನಿನ ಸದ್ದು ಅಡಗಿಸಿ ಸೀರೆಯ ಬುಟ್ಟಿಯಲ್ಲಿ ಕವುಚಿಹಾಕಿದಳು.

"ಮೆಸೇಜಾದ್ರೂ ಬಂದಿದೆಯಾ ನೋಡೇ" ಎಂದರು ರಾಯರು.

"ಓದೋದೂ ಕೇಳಿದ ಹಾಗೇ" ಎಂದರು ಆಚಾರ್ಯರು. "ಕೈ ಮುಗೀರಿ, ಪ್ರಾಣಾಯಾಮ."

ಅಷ್ಟರಲ್ಲಿ ಆಚೆ ಕುಳಿತಿದ್ದ ಅತ್ತೆಯ ಮಗನ ಫೋನು ಸದ್ದಾಯಿತು. ಅವನು ಹೆಸರು ನೋಡಿ, ಬೆಂಕಿ ಮುಟ್ಟಿದವನ ಹಾಗೆ ಜೇಬಿಗೆ ತುರುಕಿದ. ಆಮೇಲೆ ಚಿಕ್ಕಮ್ಮನದು. ಆಮೇಲೆ ಹಿಂದಿನ ಸಾಲಿನಲ್ಲಿ ಇನ್ನಾರದೋ. ಕಿಟ್ಟುವಿಗೆ ಗೊತ್ತಿದ್ದ ನಂಬರುಗಳೆಲ್ಲ ಆ ಛತ್ರದೊಳಗೇ ಇದ್ದವು. ಫೋನುಗಳು ಸಾಲಾಗಿ ಬಡಿದುಕೊಳ್ಳುತ್ತ ಹೋದವು, ಒಬ್ಬರಾದ ಮೇಲೆ ಒಬ್ಬರು ಅವುಗಳ ಬಾಯಿ ಮುಚ್ಚಿಸುತ್ತ ಹೋದರು. ಕಣ್ಣಲ್ಲೇ ಒಬ್ಬರಿಗೊಬ್ಬರು ಹೇಳಿಕೊಂಡರು: ಪಾಪ, ಹೋಗಿಬಿಟ್ಟ. ಕೆಲವರು ಸೆರಗಿನಿಂದ ಕಣ್ಣನ್ನೂ ಒರೆಸಿಕೊಂಡರು, ಅಳುವುದಕ್ಕೆ ಸೂತಕವಿಲ್ಲ ನೋಡಿ.

ತಿಂಡಿಯ ಕಂಟ್ರಾಕ್ಟು ಮೋನಪ್ಪನದು. ಪುತ್ತೂರು ಕಡೆಯವನು, ಮಾಂಬಲಂನಲ್ಲಿ ಹೋಟೆಲು ಇಟ್ಟವನು, ಪಡೆಯಲ್ಲಿ ಊಟದ ಪೊಟ್ಟಣ ಅವನ ಪಾಲು. ಕಾಫಿ ತಂದವನು ಇದೆಲ್ಲ ನೋಡಿ ರಾಯರ ಹತ್ತಿರ ಬಗ್ಗಿದ.

"ರಾಯರೇ, ನಾನು ಎತ್ತುತ್ತೇನೆ. ನಂಗೆಂತ ಸೂತಕ? ಎಂತ ಅಂತ ಕೇಳಿ ಇಡ್ತೇನೆ, ನಿಮ್ಗೆ ಹೇಳುದಿಲ್ಲ."

"ಬೇಡ ಮೋನಪ್ಪ. ನೀನು ಹೇಳದಿದ್ರೂ ನಿನ್ನ ಮುಖ ಹೇಳತ್ತೆ."

"ಒಂದು ವೇಳೆ ಎಂತಾದ್ರೂ ಬೇಕಾಗಿದ್ರೆ?"

"ಇನ್ನೇನು ಬೇಕಾಗತ್ತಪ್ಪಾ ಅವನಿಗೆ?" ಎಂದರು ರಾಯರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ದೊಡ್ಡವರ ಮನೆಯ ಮಾತು, ನನಗ್ಯಾಕೆ ಎಂದು ಮೋನಪ್ಪ ಅಡುಗೆಮನೆಗೆ ಹೋದ. ಅವನನ್ನೂ ಒಳ್ಳೆಯವನೆನ್ನಲು ನನಗೆ ಬಾಯಿ ಬರುವುದಿಲ್ಲ.

ನಾಂದಿ ಸಾಂಗವಾಗಿ ನಡೆಯಿತು. ರಾಯರು ತಂದೆ, ತಾತ, ಮುತ್ತಾತ ಎಲ್ಲರನ್ನೂ ಹೆಸರು ಹಿಡಿದು ಕರೆದು ಕೂರಿಸಿ ಶುಭ ಕೋರಿಕೊಂಡರು. ಮಧ್ಯೆ ಮಧ್ಯೆ ತಮ್ಮನ ನೆನಪಾಗಿ ಧ್ವನಿ ಒಡೆಯುತ್ತಿತ್ತು. ಚಿಕ್ಕಂದಿನಲ್ಲಿ ಅವನು ಸೈಕಲ್ಲಿನ ಹಿಂದೆ ಕೂತು ಸೊಂಟ ಹಿಡಿದುಕೊಳ್ಳುತ್ತಿದ್ದುದು, ಮೊದಲ ಸಂಬಳದಲ್ಲಿ ಅಣ್ಣನಿಗೆ ಷರ್ಟು ತಂದದ್ದು. ಬದುಕಿರುವ ತಮ್ಮನಿಗಾಗಿ ಅಷ್ಟು ಚೆನ್ನಾಗಿ ಅತ್ತ ಇನ್ನೊಬ್ಬ ಅಣ್ಣನನ್ನು ನಾನು ಕಂಡಿಲ್ಲ.

"ಆಯಿತು, ಇನ್ನು ಏನು ಕೇಳಿದರೂ ಬಾಧಕವಿಲ್ಲ" ಎಂದು ಆಚಾರ್ಯರು ಅಕ್ಷತೆ ಹಾಕಿದರು.

ರಾಯರು ಬುಟ್ಟಿಯ ಕಡೆ ಕೈ ಚಾಚಿದರು. ಜಯಲಕ್ಷ್ಮೀ ಆ ಕೈ ಹಿಡಿದಳು. "ಇರಿ. ಬೆಳಗಿಂದ ಖಾಲಿ ಹೊಟ್ಟೆ, ಕನ್ಯಾದಾನದವರೆಗೂ ಉಪವಾಸ. ಕಾಫಿ ಒಂದು ಕುಡಿದುಬಿಡಿ. ಕೇಳಿದಮೇಲೆ ಅದೂ ಇಳಿಯೋಲ್ಲ. ಹೋದವನು ಹೋದ, ಈಗ ಅವಸರ ಪಟ್ಟು ಏನು?"

ಸಾವಿನ ಸುದ್ದಿ ಹೇಳುವ ಮುಂಚೆ ಮನುಷ್ಯನ ಹೊಟ್ಟೆಗೆ ಏನಾದರೂ ಹಾಕುವುದು ನಮ್ಮ ಜನದ ಕರುಣೆ. ಮೋನಪ್ಪ ಹೊಗೆಯಾಡುವ ಡಿಕಾಕ್ಷನ್ ಕಾಫಿ ತಂದ. ರಾಯರು ಕುಡಿದರು. ಒದ್ದೆ ಪಂಚೆ ಬದಲಿಸಿದರು. ಗಂಡಿನ ಸೋದರಮಾವ ಮಳೆಯ ವಿಷಯ ತೆಗೆದು ನಿಲ್ಲಿಸಿಕೊಂಡಾಗ, ಹಳೆಯ ನೆರೆಯಲ್ಲಿ ತಾವು ದೋಣಿ ತೆಗೆದುಕೊಂಡು ಹೋದ ಕಥೆಯನ್ನು ಸಣ್ಣದಾಗಿ ಹೇಳಿದರು. ಆಮೇಲೆ ಕಂಬದ ಮರೆಗೆ ಬಂದು, ಒಂದು ಉಸಿರು ಎಳೆದುಕೊಂಡು ತಮ್ಮನ ನಂಬರು ಒತ್ತಿದರು.

ವೆಂಕಟಲಕ್ಷ್ಮಿ ಮೊದಲನೇ ರಿಂಗಿಗೇ ಎತ್ತಿದಳು.

"ಯಾವಾಗಮ್ಮಾ?" ಎಂದರು ರಾಯರು.

"ಈಗ ತಾನೇ, ಭಾವಾ." ಅವಳ ದನಿಯಲ್ಲಿ ಅಳುವೇ ಇರಲಿಲ್ಲ.

"ಈಗ ತಾನೇ ಅಂದ್ರೆ?"

"ಅಂದ್ರೆ ಈಗ. ಕೈ ಇನ್ನೂ ಬೆಚ್ಚಗಿದೆ. ಕರೆಂಟು ಹೋಯ್ತು, ಮೆಷಿನ್ನು ನಿಂತುಹೋಯ್ತು. ನಿಮಗೆ ಅವರೇ ಮಾಡಿದರು. ಎತ್ತಲಿಲ್ಲ. ಎಲ್ಲರಿಗೂ ಮಾಡಿದರು, ಯಾರೂ ಎತ್ತಲಿಲ್ಲ. ಆಮೇಲೆ ಅವರಿಗೇ ಹೊಳೀತು. 'ಇವತ್ತು ನಾಂದಿ ಕಣೇ. ನಾನು ಸತ್ತೆ ಅಂದ್ಕೊಂಡಿದ್ದಾರೆ. ನಾಂದಿ ಮುಗೀಲಿ, ಅಣ್ಣ ಕಂಡಿಪ್ಪಾ, ಖಂಡಿತ ಮಾಡ್ತಾನೆ, ಅಲ್ಲೀವರೆಗೂ ತಡೀತೀನಿ' ಅಂದ್ರು. ನಗು ಬೇರೆ ಅವರಿಗೆ. ಬಟ್ಟೇಲಿ ಗಾಳಿ ಬೀಸ್ತಾ ಕೂತಿದ್ದೆ ನಾನು. ನಾಂದಿ ಈಗ ಮುಗೀತಾ ಭಾವಾ?"

ರಾಯರ ನಾಲಿಗೆಯ ಮೇಲೆ ಕಾಫಿಯ ಕಹಿ ಇನ್ನೂ ಇತ್ತು.

"ಈಗಷ್ಟೇ, ಅಮ್ಮಾ" ಎಂದರು.

"ಹಾಗಾದರೆ ತಡೆಯೋಕೆ ಆಗಲಿಲ್ಲ ಅವರಿಗೆ, ಪಾಪ. ಸ್ವಲ್ಪದರಲ್ಲಿ ತಪ್ಪಿತು" ಎಂದಳು ಅವಳು, ತಪ್ಪು ಗಂಡನದೇ ಎನ್ನುವ ಹಾಗೆ. ಆಮೇಲೆ ಫೋನು ಇಟ್ಟಳು.

ರಾಯರು ತಿರುಗಿದಾಗ ಜಯಲಕ್ಷ್ಮೀ ಹಿಂದೆಯೇ ನಿಂತಿದ್ದಳು. ಅವಳ ಜೊತೆ ಹಸೆಯ ಸೀರೆಯುಟ್ಟ ಶ್ರೀಪ್ರಿಯಾ, ಆಚಾರ್ಯರು, ಕಾಫಿಯ ಲೋಟಕ್ಕೆ ಕಾದಿದ್ದ ಮೋನಪ್ಪ.

"ಯಾವಾಗಂತೆ?" ಎಂದಳು ಜಯಲಕ್ಷ್ಮೀ.

"ಈಗ. ನಾಂದಿ ಆದಮೇಲೆ."

"ಆದಮೇಲೇ ತಾನೇ? ಸರಿಯಾಗಿ ಕೇಳಿದ್ರಾ?"

"ಆದಮೇಲೇ."

ಜಯಲಕ್ಷ್ಮೀ ಎದೆಯ ಮೇಲೆ ಕೈ ಇಟ್ಟುಕೊಂಡು ಕಣ್ಣು ಮುಚ್ಚಿದಳು. "ದೇವರು ದೊಡ್ಡವನು" ಎಂದರು ಆಚಾರ್ಯರು. "ಪುಣ್ಯಾತ್ಮ. ಅಣ್ಣನ ಮಗಳ ಮದುವೆಗೆ ಒಂದು ಚೂರೂ ವಿಘ್ನ ಮಾಡದೆ ಹೋದರು."

ಮೋನಪ್ಪ ಲೋಟ ತೆಗೆದುಕೊಳ್ಳಲು ಮರೆತು ಬಾಗಿಲಲ್ಲಿದ್ದ ವ್ಯಾನನ್ನು ನೋಡುತ್ತ ನಿಂತ.

ಶ್ರೀಪ್ರಿಯಾ ಅಪ್ಪನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು. ಚಿಕ್ಕಪ್ಪನ ಮುದ್ದಿನ ಹುಡುಗಿ ಅವಳು. ಬಾಸಿಂಗ ಕಟ್ಟಿದ ಹಣೆ ಗಂಟಿಕ್ಕಿತು.

"ಹಾಗಾದ್ರೆ ಬೆಳಿಗ್ಗೆ ಅಷ್ಟು ಹೊತ್ತು ಫೋನ್ ಮಾಡ್ತಿದ್ದದ್ದು ಯಾರಪ್ಪಾ?"

ಜಯಲಕ್ಷ್ಮೀ ಮಗಳ ರಟ್ಟೆ ಹಿಡಿದು ಗೌರಿಪೂಜೆಗೆ ಕರೆದುಕೊಂಡು ಹೋದಳು.